ಎಮ್ಮಿ ಕೋಡಿನಿಂದ ಕಿವಿಯೋಲಿ, ಪದಕ ಮಾಡೋದು ಹೆಂಗ: ಕೋಡು ಆರಿಸೋದರಿಂದ ಪಾಲಿಷ್ ತನಕ

ಕೋಡಿನ ಆಭರಣದ ಬಗ್ಗೆ ಕೇಳೋರು ಇತ್ತೀಚಿಗೆ ಭಾಳ ಆಗ್ಯಾರ, ಎಲ್ಲಾರದ್ದೂ ಹೆಚ್ಚುಕಮ್ಮಿ ಅವೇ ಪ್ರಶ್ನೆ. ಕೋಡು ಎಲ್ಲಿ ಸಿಗ್ತೈತಿ, ಮನ್ಯಾಗ ಕೊಯ್ಯಬಹುದಾ, ವಾಸನಿ ಹೋಗ್ತೈತಾ, ಪೊಲೀಸರು ಹಿಡೀತಾರಾ. ಒಬ್ಬೊಬ್ಬರಿಗೂ ಬ್ಯಾರೆ ಬ್ಯಾರೆ ಹೇಳೋದಕ್ಕಿಂತ ಒಮ್ಮೆ ಪೂರ್ತಿ ಬರದ್ರ ಚೊಲೊ ಅಂತ ಕುಂತೀನಿ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಇರೋರನ್ನ ಮನಸ್ಸಿನ್ಯಾಗ ಇಟ್ಕೊಂಡು ಬರದಿದ್ದು, ಯಾಕಂದ್ರ ಇಲ್ಲಿ ಹವಾ, ಇಲ್ಲಿ ದನ, ಇಲ್ಲಿ ಅಂಗಡಿ ನೋಡ್ಕೊಂಡೇ ಕೆಲಸ ಮಾಡಬೇಕಾಗ್ತೈತಿ.

ಮೊದಲ ಒಂದು ಮಾತು ತಿಳ್ಕೋರಿ. ಕೋಡು ಎಲುಬಲ್ಲ. ನಮ್ಮ ಉಗುರು, ಕೂದಲು ಯಾವುದರಿಂದ ಆಗ್ಯಾವೋ ಅದ ಕೆರಾಟಿನ್ ಅನ್ನೋ ಪ್ರೋಟೀನ್‌ನಿಂದ ಕೋಡು ಆಗಿರ್ತೈತಿ. ಎಮ್ಮಿ ತಲಿಮ್ಯಾಗ ಒಳಗ ಒಂದು ಎಲುಬಿನ ಗೂಟ ಇರ್ತೈತಿ, ಅದರ ಮ್ಯಾಲ ಟೊಪ್ಪಿಗಿ ಹಾಕಿದಂಗ ಈ ಕೆರಾಟಿನ್ ಕವಚ ಬೆಳದಿರ್ತೈತಿ, ನಮಗ ಬೇಕಾಗಿದ್ದು ಆ ಕವಚ ಅಷ್ಟ. ಇದು ಪದರ ಪದರ ಆಗಿ ಬೆಳೀತೈತಿ, ಎಳಿ ಎಲ್ಲಾ ಬುಡದಿಂದ ತುದಿ ಕಡೆ ಹರೀತಾವ, ಮತ್ತ ಬಿಸಿ ಮಾಡಿದ್ರ ಮೆತ್ತಗಾಗ್ತೈತಿ. ಪದರ, ಎಳಿ, ಬಿಸಿ, ಈ ಮೂರು ತಲ್ಯಾಗ ಇದ್ರ ಮುಂದಿನ ಎಲ್ಲಾ ಹಂತ ತಾವಾಗೇ ತಿಳೀತಾವ.

1. ಯಾವ ಕೋಡು, ಯಾರ ಕೋಡು

ಇಲ್ಲಿ ನಾನು ಸ್ವಲ್ಪ ಉದ್ದ ಹೇಳ್ತೀನಿ, ಯಾಕಂದ್ರ ಉಳದ ಹಂತದಾಗ ತಪ್ಪಿದ್ರ ಒಂದು ತುಂಡು ಕೆಡ್ತೈತಿ, ಇದರಾಗ ತಪ್ಪಿದ್ರ ಜೀವಕ್ಕ ಇಲ್ಲಾ ಜೈಲಿಗೆ ಬರ್ತೈತಿ.

ಕಾಡುಪ್ರಾಣಿದು ಯಾವುದೂ ಬ್ಯಾಡ. ರಾಣೇಬೆನ್ನೂರು ಕಡೆ 1974ರಿಂದ ಕೃಷ್ಣಮೃಗದ ಅಭಯಾರಣ್ಯ ಐತಿ, ಸುತ್ತಮುತ್ತ ಹೊಲದಾಗೂ ಚಿಗರಿ ಓಡಾಡ್ತಾವ, ಗದಗ ಕಡೆ ಕಪ್ಪತಗುಡ್ಡ ಐತಿ, ಹಿಂಗಾಗಿ 'ಹೊಲದಾಗ ಚಿಗರಿ ಕೋಡು ಬಿದ್ದಿತ್ತು, ಅದರಿಂದ ಏನರ ಮಾಡಬಹುದಾ' ಅಂತ ಕೇಳೋರು ಅದಾರ. ಆಗಂಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಕೃಷ್ಣಮೃಗ ಅಗದೀ ಮ್ಯಾಲಿನ ರಕ್ಷಣಾ ಪಟ್ಟಿಯೊಳಗ ಐತಿ, ಅಂಥಾ ಪ್ರಾಣಿ ವಿಷಯದಾಗ ಶಿಕ್ಷಾ 3 ವರ್ಷದಿಂದ 7 ವರ್ಷ ತನಕ ಐತಿ. ಚುಕ್ಕಿ ಜಿಂಕಿ, ಕಡವಿ ಕೊಂಬು ವರ್ಷಾ ವರ್ಷಾ ತಾವ ಉದುರ್ತಾವ ಖರೆ, ಆದ್ರ ಉದುರಿದ್ದು ತಂದು ಮಾರೋದೂ ಅಪರಾಧನ. ಮ್ಯಾಲಾಗಿ ಜಿಂಕಿ ಕೊಂಬು ಎಲುಬು, ಅದರ ಕೆಲಸದ ರೀತಿನ ಬ್ಯಾರೆ. ಸಿಕ್ರ ಅರಣ್ಯ ಇಲಾಖಿಯವರಿಗೆ ತಿಳಸ್ರಿ, ಮನಿಗೆ ತರಬ್ಯಾಡ್ರಿ.

ಆಕಳ, ಎತ್ತಿನ ಕೋಡಿನ ಸುದ್ದಿಗೂ ಹೊಸಬರು ಹೋಗಬ್ಯಾಡ್ರಿ ಅಂತೀನಿ. ರಾಜ್ಯದ 2020ರ ಕಾಯ್ದೆಯೊಳಗ ಆಕಳ, ಎತ್ತು, ಹೋರಿ ಕಡಿಯೋದು ಪೂರ್ತಿ ನಿಷೇಧ, ಎಮ್ಮಿ, ಕೋಣ ಆದ್ರ 13 ವರ್ಷ ದಾಟಿರಬೇಕು, ಅದೂ ಪರವಾನಗಿ ತಗೊಂಡು. ಅದಕ್ಕ ವಯಸ್ಸಾಗಿ ಸತ್ತ ಎಮ್ಮಿ ಕೋಡು, ಇಲ್ಲಂದ್ರ ಬಿಲ್ ಜೋಡಿ ಬರೋ ಸ್ವಚ್ಛ ಮಾಡಿದ ಎಮ್ಮಿ ಕೋಡಿನ ತುಂಡು, ಇವೆರಡ ಸಾಕು. ಉತ್ತರ ಪ್ರದೇಶದ ಸಂಭಲ್, ಒಡಿಶಾದ ಪರಲಾಖೆಮುಂಡಿ ಇವು ಕೋಡಿನ ಕೆಲಸಕ್ಕ ಹೆಸರಾದ ಊರು, ಸಂಭಲ್ ಕಡೆಯಿಂದ ಕೊಯ್ದು ತಯಾರಾದ ಪಟ್ಟಿ, ಬಿಲ್ಲೆ ಆನ್‌ಲೈನ್‌ನ್ಯಾಗೂ ಬರ್ತಾವ. ಹೊಸಬರು ಇದರಿಂದನ ಚಾಲೂ ಮಾಡ್ರಿ, ಬಿಲ್ ಮಾತ್ರ ಇಟ್ಕೋರಿ.

ಹಳ್ಳಿಯಿಂದ ಹಸಿ ಕೋಡು ತರೋರಿಗೆ ಒಂದು ಗಟ್ಟಿ ಎಚ್ಚರಿಕಿ. ದನ ಒಮ್ಮೆಲೆ ಬಿದ್ದು ಸತ್ತಿದ್ರ, ಮೂಗು, ಬಾಯಿಂದ ಕಪ್ಪು ರಕ್ತ ಸೋರಿದ್ರ ಅದು ನೆರಡಿ ರೋಗ ಇರಬಹುದು, ಡಾಕ್ಟರು ಆಂಥ್ರಾಕ್ಸ್ ಅಂತಾರಲ್ಲ ಅದು. ಇದು ಮನುಷ್ಯಾಗೂ ಹತ್ತತೈತಿ. ಇದರ ಬೀಜಾಣು ಮಣ್ಣಾಗ, ಚರ್ಮದಾಗ, ಕೂದಲದಾಗ ವರ್ಷಗಟ್ಟಲೆ ಉಳೀತಾವ, ಮನ್ಯಾಗ ನೀರಾಗ ಕುದಿಸಿದ್ರ ಪೂರ್ತಿ ಸಾಯ್ತಾವ ಅಂತ ನಂಬಂಗಿಲ್ಲ. ಅಂಥಾ ದನ ಮುಟ್ಟೋದ ಬ್ಯಾಡ, ಪಶುವೈದ್ಯರಿಗೆ ಫೋನ್ ಮಾಡ್ರಿ. ಹೆಂಗ ಸತ್ತಿದ್ದು ಅಂತ ಗೊತ್ತಿರಲಾರದ ಕೋಡು ಪುಕ್ಕಟೆ ಕೊಟ್ರೂ ಬ್ಯಾಡ. ಕೋಡಿನ ಕ್ಯಾನ್ಸರ್ ಆಗಿ ಡಾಕ್ಟರು ಕೊಯ್ದು ತಗದ ಕೋಡೂ ಬ್ಯಾಡ, ಒಳಗಿಂದ ಕೊಳತಿರ್ತೈತಿ.

ಇನ್ನ ಆಕಾರ. ಧಾರವಾಡಿ ಎಮ್ಮಿ ಕೋಡು ಅರ್ಧಚಂದ್ರದಂಗ ಹಿಂದ ಬಾಗಿ ಬೆನ್ನಿನ ಕಡೆ ಹೋಗಿರ್ತೈತಿ, ಬಾಗು ಒಂದೇ ಹದ ಇರೋದ್ರಿಂದ ಪದಕಕ್ಕ, ಕಡಗದ ಪಟ್ಟಿಗೆ ಭಾಳ ಚೊಲೊ. ಪಂಢರಪುರಿ ಎಮ್ಮಿ ಕೋಡು ಕತ್ತಿಯಂಗ ಉದ್ದ, ಬೆಳಗಾವಿ ಕಡಿಯಿಂದ ಬರ್ತೈತಿ, ಉದ್ದ ಪಟ್ಟಿ ಬೇಕಂದ್ರ ಅದಕ್ಕಿಂತ ಚೊಲೊ ಯಾವುದೂ ಇಲ್ಲ. ಮುರ್ರಾ ಎಮ್ಮಿದು ಸುರುಳಿ ಸುತ್ತಿರ್ತೈತಿ, ಸಪಾಟ ತುಂಡು ಸಿಗೋದ ಕಷ್ಟ, ಅದರ ತುದಿ ಅಷ್ಟ ಮಣಿಗೆ ಬರ್ತೈತಿ.

ಅಂಗಡ್ಯಾಗ ಕೋಡು ಅಂತ ಪ್ಲಾಸ್ಟಿಕ್ ಕೊಡೋರೂ ಅದಾರ. ಸೂಜಿ ಕೆಂಪಗ ಕಾಸಿ ಕಾಣಲಾರದ ಜಾಗಾದಾಗ ಚುಚ್ಚಿ ನೋಡ್ರಿ, ಕೂದಲ ಸುಟ್ಟ ವಾಸನಿ ಬಂದ್ರ ಕೋಡು, ಗಂಟಲಿಗೆ ಹತ್ತೋ ಖಾರ ವಾಸನಿ ಬಂದ್ರ ಪ್ಲಾಸ್ಟಿಕ್.

2. ಸಾಮಾನು

ಭಾಳ ಖರ್ಚಿಲ್ಲ. ಹ್ಯಾಕ್ಸಾ, ಪತ್ತಾರರು ಬಳಸೋ ಸಣ್ಣ ಬ್ಲೇಡಿನ ಗರಗಸ, ಒರಟು ಒಂದು ನಯ ಒಂದು ಕಾನಸು (ಅಂದ್ರ ಅರ), 1 ಮಿ.ಮೀ. ಬಿಟ್ ಹಾಕೋ ಕೈ ಡ್ರಿಲ್, ಎರಡು ಸಿ-ಕ್ಲಾಂಪ್ (ತಿರುಪು ತಿರುವಿ ಬಿಗಿ ಹಿಡಿಯೋ ಕಬ್ಬಿಣದ ಹಿಡಿಕಿ), ಮ್ಯಾಲ ಸಪಾಟ ಇರೋ ಎರಡು ಕಬ್ಬಿಣದ ಪಟ್ಟಿ, ವಾಟರ್ ಪೇಪರ್ 120, 240, 400, 600, 1000, 2000 ನಂಬರಿನವು. ವಾಟರ್ ಪೇಪರ್ ಅಂದ್ರ ನೀರು ಹಚ್ಚಿ ತಿಕ್ಕೋ ಪಾಲಿಷ್ ಕಾಗದ, ಗಾಡಿ ಪೇಂಟ್ ಸಾಮಾನಿನ ಅಂಗಡ್ಯಾಗ ಸಿಗ್ತೈತಿ. ಹುಬ್ಬಳ್ಳಿ ದುರ್ಗದಬೈಲ ಸುತ್ತಮುತ್ತ ಒಂದು ಸುತ್ತು ಹಾಕಿದ್ರ ಇದರಾಗ ಬಹುತೇಕ ಸಿಕ್ಕು ಬಿಡ್ತಾವ, ಸಣ್ಣ ಬ್ಲೇಡ್ ಮಾತ್ರ ನಿಮ್ಮೂರಿನ ಪತ್ತಾರರನ್ನ ಕೇಳ್ರಿ, ಎಲ್ಲಿ ತರ್ತಾರ ಅಂತ ಅವರ ಹೇಳ್ತಾರ.

ಎನ್95 ಮಾಸ್ಕ್ ಮತ್ತ ಕಣ್ಣಿನ ಕನ್ನಡಕ ಸಾಮಾನಿನ ಪಟ್ಟಿಯೊಳಗನ ಸೇರಸ್ರಿ, ಆಮ್ಯಾಲ ನೋಡಿದ್ರಾತು ಅನ್ನಬ್ಯಾಡ್ರಿ. ಕೋಡಿನ ಧೂಳು ಭಾಳ ನಯ, ಪುಪ್ಪಸಕ್ಕ ಇಳೀತೈತಿ, ದಮ್ಮು ಇದ್ದವರಿಗಂತೂ ಭಾಳ ತ್ರಾಸು. ಬಾಯಿಗೆ ಅರಬಿ ಕಟ್ಕೊಂಡ್ರ ಸಾಲಂಗಿಲ್ಲ.

3. ಸ್ವಚ್ಛ ಮಾಡೋದು, ಗೂಟ ತಗಿಯೋದು

ತಯಾರ ಪಟ್ಟಿ ತಂದವರು ಈ ಹಂತ ಬಿಟ್ಟು ಮುಂದ ಹೋಗ್ರಿ. ಹಸಿ ಕೋಡು ಇದ್ದವರು ಕೈಗವಸು ಹಾಕ್ಕೊಂಡು, ಹಿತ್ತಲದಾಗ, ಅಡಿಗಿಗೆ ಬಳಸಲಾರದ ಹಳೇ ಬೋಗಾಣಿಯೊಳಗ ಅರ್ಧ ಮುಕ್ಕಾಲು ತಾಸು ಕುದಸ್ರಿ. ಒಳಗಿನ ಎಲುಬಿನ ಗೂಟ ಸಡ್ಲಾಗ್ತೈತಿ, ಕೋಡಿನ ಬುಡ ಕಟ್ಟಿಗಿಗೆ ಬಡದ್ರ ಇಲ್ಲಾ ಇಕ್ಕಳದಾಗ ಹಿಡದು ಜಗ್ಗಿದ್ರ ಹೊರಗ ಬರ್ತೈತಿ. ಬರಲಿಲ್ಲಂದ್ರ ಎರಡು ಮೂರು ವಾರ ನೀರಾಗ ನೆನೀಲಿಕ್ಕೆ ಬಿಡ್ರಿ, ನೀರು ಬದಲಸ್ತಾ ಇರ್ರಿ. ವಾಸನಿ ಭಾಳ ಬರ್ತೈತಿ, ಮೊದಲ ಹೇಳೇನಿ, ಓಣ್ಯಾಗಿನವರಿಗೂ ಒಂದು ಮಾತು ಹೇಳ್ರಿ.

ಇಲ್ಲಿ ಮಂದಿ ಮಾಡೋ ದೊಡ್ಡ ತಪ್ಪು ಅಂದ್ರ ಬೆಳ್ಳಗಾಗಲಿ, ವಾಸನಿ ಹೋಗಲಿ ಅಂತ ಬ್ಲೀಚಿಂಗ್ ಪೌಡರ್ ಇಲ್ಲಾ ಕಾಸ್ಟಿಕ್ ಸೋಡಾ ಹಾಕೋದು. ಇವೆರಡೂ ಕೆರಾಟಿನ್ನ ತಿಂತಾವ. ಕೋಡಿನ ಮ್ಯಾಲಿನ ಪದರ ಮೆತ್ತಗ ಜೋಲಿ ಬಿದ್ದು ಆಮ್ಯಾಲ ಎಷ್ಟು ತಿಕ್ಕಿದ್ರೂ ಹೊಳಪು ಬರಂಗಿಲ್ಲ. ಪಾತ್ರಿ ತೊಳಿಯೋ ಲಿಕ್ವಿಡ್, ಬಿಸಿನೀರು, ಬ್ರಶ್ಶು, ಆಮ್ಯಾಲ ಮೆಡಿಕಲ್ ಅಂಗಡ್ಯಾಗ ಸಿಗೋ 3% ಹೈಡ್ರೋಜನ್ ಪೆರಾಕ್ಸೈಡ್ ಒಂದು ಸಲ ಒರಸಿದ್ರ ಆತು.

4. ಒಣಗಿಸೋದು

ನೆರಳಾಗ, ಗಾಳಿ ಆಡೋ ಕಡೆ, ಎರಡು ಮೂರು ವಾರ. ಗದಗ ಕಡೆಯವರು ಏಪ್ರಿಲ್ ಬಿಸಿಲಾಗ ಮಾಳಗಿ ಮ್ಯಾಲ ಇಟ್ರ ಎರಡ ದಿನದಾಗ ಒಣಗ್ತೈತಿ ಅಂತ ಇಡಬ್ಯಾಡ್ರಿ, ಹೊರಗಿನ ಪದರ ಲಗೂ ಒಣಗಿ ಒಳಗಿಂದು ಹಸಿ ಉಳದು ಉದ್ದಕ ಸೀಳು ಬಿಡ್ತೈತಿ. ಧಾರವಾಡದವರಿಗೆ ಉಲ್ಟಾ ತೊಂದ್ರಿ, ಜೂನ್‌ನಿಂದ ಸಪ್ಟೆಂಬರ್ ತನಕ ಜಿಟಿಜಿಟಿ ಮಳಿಯೊಳಗ ಕೋಡು ಒಣಗೋದ ಇಲ್ಲ, ಹವಾದಾಗಿನ ಪಸಿ ಕುಡದು ಕೊಯ್ದ ಪಟ್ಟಿ ಸೊಟ್ಟಗಾಗ್ತಾವ. ಆಗಿದ್ರ ದೀಪಾವಳಿ ತನಕ ತಡೀರಿ, ಇಲ್ಲಾ ಗೋಣಿಚೀಲ ಬಿಟ್ಟು ಕಾಗದದಾಗ ಸುತ್ತಿ ಫ್ಯಾನ್ ಇರೋ ಖೋಲಿಯೊಳಗ ಇಡ್ರಿ.

5. ಗುರ್ತು ಹಾಕೋದು, ಕೊಯ್ಯೋದು

ಕೋಡಿನ ಬುಡ ಪೊಳ್ಳು, ತುದಿ ಗಟ್ಟಿ. ಬುಡದ ಕಡೆ ಗ್ವಾಡಿ ತೆಳುವಿರ್ತೈತಿ, ಅದನ್ನ ಉದ್ದಕ ಸೀಳಿದ್ರ ಪಟ್ಟಿ ಬರ್ತಾವ: ಪದಕ, ಅಗಲ ಕಿವಿಯೋಲಿ, ಕಡಗಕ್ಕ. ಅಡ್ಡ ಕೊಯ್ದ್ರ ಬಳಿ ಬರ್ತಾವ, ಅವನ್ನ ಹಂಗ ಜೋತಾಡೋ ಓಲಿ ಮಾಡಬಹುದು. ಗಟ್ಟಿ ತುದಿ ಮಣಿಗೆ, ಹನಿ ಆಕಾರದ ಲೋಲಕಿಗೆ, ಉಂಗುರಕ್ಕ. ತುದಿ ಭಾಗಕ್ಕ ಬೆಲೆ ಜಾಸ್ತಿ, ಅದನ್ನ ಕಲಿಯೋ ಕೆಲಸಕ್ಕ ಹಾಳ ಮಾಡಬ್ಯಾಡ್ರಿ.

ಕೊಯ್ಯೋಕಿಂತ ಮೊದಲ ಕೋಡನ್ನ ಬೆಳಕಿಗೆ ಹಿಡದು ಹೊಳ್ಳಿಸಿ ನೋಡ್ರಿ. ಕಪ್ಪು ಕಂಡ ಕೋಡಿನ್ಯಾಗ ಕಂದು, ಜೇನಿನ ಬಣ್ಣದ ಗೆರಿ ಇರ್ತಾವ, ಬೆಳಕು ಹಾಯೋ ಜಾಗಾ ಇರ್ತೈತಿ. ಆ ಗೆರಿ ಎಲ್ಲಿ ಬರಬೇಕು ಅಂತ ಮೊದಲ ಯೋಚನಿ ಮಾಡಿ ಪೆನ್ಸಿಲ್‌ಲೇ ಗುರ್ತು ಹಾಕ್ರಿ. ಕೋಡಿನ ಚಂದ ಅಂದ್ರ ಇದ, ಒಂದರಂಗ ಇನ್ನೊಂದು ಇರಂಗಿಲ್ಲ, ಜೋಡಿ ಓಲಿ ಬೇಕಂದ್ರ ಒಂದ ಕೋಡಿನ ಅಕ್ಕಪಕ್ಕದ ತುಂಡಿನಿಂದ ಎರಡೂ ತಗೀರಿ.

ನಿಯಮ ಒಂದ: ಉದ್ದ ಸಣ್ಣ ಭಾಗ ಯಾವಾಗ್ಲೂ ಎಳಿ ಹರಿಯೋ ದಿಕ್ಕಿನ್ಯಾಗ ಇರಬೇಕು. ಬಾಚಣಿಗಿ ಹಲ್ಲು, ಎಲಿ ತುದಿ, ಜುಮುಕಿ ಕೊಕ್ಕಿ ಇಂಥಾವು ಎಳಿಗೆ ಅಡ್ಡ ಬಂದ್ರ ಹಾಕ್ಕೊಂಡ ದಿನಾನ ಮುರೀತಾವ. ನಿಧಾನ ಕೊಯ್ರಿ, ಬ್ಲೇಡ್ ಬಿಸಿ ಆದ್ರ ಕೋಡು ಅಂಟಂಟಾಗಿ ಬ್ಲೇಡ್ ಹಿಡ್ಕೊಳ್ತೈತಿ, ಆಗ ಜೋರು ಮಾಡಿದ್ರ ಬ್ಲೇಡ್ ತುಂಡಾಗ್ತೈತಿ. ಗ್ರೈಂಡರ್‌ನಿಂದ ಕೊಯ್ಯೋದು ಹೊಸಬರಿಗೆ ಬ್ಯಾಡ, ಧೂಳೂ ಭಾಳ, ಸುಡೋದೂ ಭಾಳ.

6. ಸಪಾಟ ಮಾಡೋದು, ಬಗ್ಗಿಸೋದು

ಪಟ್ಟಿ ಸ್ವಲ್ಪರ ಬಾಗಿರ್ತಾವ. ದಪ್ಪ 2 ಮಿ.ಮೀ. ಸುಮಾರಿಗೆ ಬಂದ ಮ್ಯಾಲ ಕುದಿಯೋ ನೀರಾಗ 20-30 ನಿಮಿಷ ಇಡ್ರಿ, ಇಕ್ಕಳದಲೇ ಹಿಡದು ತಗದು ತಡ ಮಾಡದಂಗ ಎರಡು ಕಬ್ಬಿಣದ ಪಟ್ಟಿ ನಡುವ ಇಟ್ಟು ಸಿ-ಕ್ಲಾಂಪ್ ಬಿಗಿ ಮಾಡ್ರಿ. ಕಬ್ಬಿಣನೂ ಸ್ವಲ್ಪ ಬೆಚ್ಚಗಿದ್ರ ಚೊಲೊ, ತಣ್ಣನ್ನ ಕಬ್ಬಿಣ ತಗದ ಕೋಡನ್ನ ಅಲ್ಲೇ ಗಟ್ಟಿ ಮಾಡಿ ಬಿಡ್ತೈತಿ. ಒಮ್ಮೆಲೆ ಪೂರ್ತಿ ಬಿಗಿ ಮಾಡಬ್ಯಾಡ್ರಿ, ಅರ್ಧ ಬಿಗಿ ಮಾಡಿ, ಮತ್ತ ಕುದಿಸಿ, ಮತ್ತ ಬಿಗಿ ಮಾಡ್ರಿ, ಚಟ್ ಅನ್ನೋ ಸಪ್ಪಳ ಬಂತಂದ್ರ ಪದರ ಬಿಟ್ಟಂಗ. ಒಂದು ರಾತ್ರಿ ಪೂರ್ತಿ ತಣ್ಣಗಾಗಿ ಒಣಗಲಿಕ್ಕೆ ಬಿಡ್ರಿ. ಬೆಳಿಗ್ಗೆ ತಗದಾಗ ಒಂದೀಟು ಹಿಂದ ಬಾಗ್ತೈತಿ, ಅದಕ್ಕ ಕಡಗ ಮಾಡೋರು ಬೇಕಾದ ಅಳತಿಗಿಂತ ಸ್ವಲ್ಪ ಸಣ್ಣ ಗುಂಡನೆ ಕಟ್ಟಿಗಿಗೆ ಸುತ್ತಬೇಕು.

ದಪ್ಪ ತುಂಡು ನೀರಾಗ ಬಗ್ಗಂಗಿಲ್ಲ, ಅದಕ್ಕ ಕಸುಬಿನವರು 150 ಡಿಗ್ರಿ ಸುಮಾರಿನ ಎಣ್ಣಿಯೊಳಗ ಅದ್ದತಾರ. ಹಸಿ ಕೋಡು ಬಿಸಿ ಎಣ್ಣಿಗೆ ಬಿದ್ರ ಎಣ್ಣಿ ಸಿಡದು ಮುಖಕ್ಕ ಬರ್ತೈತಿ. ಥರ್ಮಾಮೀಟರ್ ಇಲ್ಲದ, ಪಕ್ಕದಾಗ ಕಲಿಸೋರು ಇಲ್ಲದ ಇದನ್ನ ಮಾಡಬ್ಯಾಡ್ರಿ. ಗ್ಯಾಸಿನ ಉರಿ ಮ್ಯಾಲ ನೇರ ಹಿಡಿಯೋದಂತೂ ಬ್ಯಾಡ, ಮ್ಯಾಲ ಬಿಳಿ ಗುಳ್ಳಿ ಎದ್ದು ಆ ಜಾಗಾ ಪುಡಿಪುಡಿ ಆಗ್ತೈತಿ.

7. ಆಕಾರ, ತೂತು, ಗೆರಿ

ಕಾನಸನ್ನ ಎಳಿ ದಿಕ್ಕಿನ್ಯಾಗ ಒಂದ ಕಡೆ ಎಳೀರಿ, ಹಿಂದಮುಂದ ಗರಗರ ತಿಕ್ಕಿದ್ರ ಅಂಚಿನ ಪದರ ಏಳ್ತಾವ. ಕೋಡು ಉಳ್ಳಾಗಡ್ಡಿಯಂಗ ಪದರ ಬಿಚ್ಚೋ ಸಾಮಾನು, ಅಂಚಿನ್ಯಾಗ ಒಂದು ಪದರ ಎದ್ರ ಮುಂದ ಹಂಗ ಸುಲಕೊಂತ ಹೋಗ್ತೈತಿ. ಎದ್ದಿದ್ದು ಕಂಡ್ರ ಅಲ್ಲೇ ನಿಂದ್ರಿಸಿ, ತೆಳು ಸೂಪರ್ ಗ್ಲೂ ಒಂದು ಹನಿ ಬಿಟ್ಟು ಒತ್ತಿ ಹಿಡದು, ಒಣಗಿದ ಮ್ಯಾಲ ಮುಂದವರೀರಿ. ಆಕಾರ ಹತ್ತಿರ ಬಂದ ಮ್ಯಾಲ ಚೂಪು ಉಕ್ಕಿನ ಅಂಚಿನಿಂದ ಹೆರೀರಿ, ಧೂಳಿನ ಬದಲಿ ಸುರುಳಿ ಸುರುಳಿ ಹೆರಪು ಬರ್ತೈತಿ, ಪುಪ್ಪಸಕ್ಕ ಇದು ಎಷ್ಟೋ ವಾಸಿ.

ತೂತು ಅಂಚಿನಿಂದ ಕಡಿಮಿ ಅಂದ್ರ 3 ಮಿ.ಮೀ. ಒಳಗ ಇರಲಿ, ಅಲ್ಲಿ ದಪ್ಪನೂ 2 ಮಿ.ಮೀ. ಇರಲಿ. ಕೆಳಗ ಕಟ್ಟಿಗಿ ತುಂಡು ಇಟ್ಟು ನಿಧಾನ ತಿರವ್ರಿ, ನಡುನಡುವ ಬಿಟ್ ಹೊರಗ ತಗದು ಪುಡಿ ಊದ್ರಿ, ಅರ್ಧ ಆದ ಮ್ಯಾಲ ಹೊಳ್ಳಿಸಿ ಆ ಕಡಿಯಿಂದ ಕೊರೀರಿ. ಕೂದಲ ಸುಟ್ಟ ವಾಸನಿ ಬಂತಂದ್ರ ಬಿಟ್ ಬಿಸಿ ಆಗೇತಿ ಅಂತ, ತಣ್ಣಗಾಗಲಿಕ್ಕೆ ಬಿಡ್ರಿ.

ಮ್ಯಾಲ ಕೆತ್ತಬೇಕು ಅನ್ನೋರಿಗೆ ನನ್ನ ಸಲಹಾ ಕಸೂತಿ. ಮುರ್ಗಿ, ಗವಂತಿ ಹೊಲಗಿ ಎಲ್ಲಾ ಸೀದಾ ಗೆರಿ, ಮೆಟ್ಟಲ ಮೆಟ್ಟಲ ಗೆರಿ, ಉಕ್ಕಿನ ಮೊಳಿಯಿಂದ ಪಟ್ಟಿ ಇಟ್ಟು ಗೀಚಿದ್ರ ಬರ್ತಾವ, ಬಳ್ಳಿ, ಹೂವು ಕೆತ್ತಿದಂಗ ಕೈ ಜಾರಂಗಿಲ್ಲ. ಗೋಪುರ, ತೇರು, ತುಳಸಿ ಕಟ್ಟಿ ಇವು ಸಣ್ಣ ಪದಕದಾಗೂ ಕೂಡ್ತಾವ. ಪೂರ್ತಿ ಹೊಳಪು ಮಾಡಿದ ಕಪ್ಪು ಕೋಡಿನ ಮ್ಯಾಲ ಗೀಚಿದ ಗೆರಿ ಬೂದು ಬಣ್ಣ ಉಳೀತಾವ, ಬಣ್ಣ ತುಂಬದಿದ್ರೂ ಎದ್ದು ಕಾಣ್ತಾವ. ಗದಗದವರಿಗಂತೂ ಲಕ್ಕುಂಡಿ ಕಂಬ ಮಗ್ಗಲದಾಗ ಅದಾವ, ಆ ಕಂಬದ ಬಳಿ ಬಳಿ ಅಂಚು ನೋಡಿ ಮಣಿ ಮಾಡ್ರಿ, ಮಾರುಕಟ್ಟಿಯ ಅಚ್ಚಿನ ಡಿಸೈನ್ ಯಾಕ ಬೇಕು. ಕೋಡು ಅಂದ್ರ ಅಗ್ಗದ ಮಾಲು ಅನ್ನೋರಿಗೆ ಇಷ್ಟು ಹೇಳ್ರಿ, 1900ರ ಸುಮಾರಿಗೆ ಪ್ಯಾರಿಸ್‌ನ ರೆನೆ ಲಾಲಿಕ್ ಅನ್ನೋ ದೊಡ್ಡ ಆಭರಣಕಾರ ಬಂಗಾರ, ರತ್ನದ ಜೋಡಿನ ಕೋಡು ಬಳಸಿ ಬಾಚಣಿಗಿ ಮಾಡಿದ್ದ, ಅವು ಇವತ್ತು ಮ್ಯೂಸಿಯಂನ್ಯಾಗ ಅದಾವ.

8. ತಿಕ್ಕೋದು ಮತ್ತ ಹೊಳಪು

ನೀರು ಹಚ್ಚಿ ತಿಕ್ರಿ, ಒಣಾ ತಿಕ್ಕಬ್ಯಾಡ್ರಿ. 120ರಿಂದ ಚಾಲೂ, ಒಂದೊಂದ ನಂಬರ್ ಮ್ಯಾಲ, 2000 ತನಕ. ನಂಬರ್ ಬದಲಸೋ ಮೊದಲ ತುಂಡು ತೊಳದು ಪೂರ್ತಿ ಒರಸಿ ಬೆಳಕಿಗೆ ಓರೆ ಹಿಡದು ನೋಡ್ರಿ, ಯಾಕಂದ್ರ ಹಸಿ ಇದ್ದಾಗ ಗೀರು ಮುಚ್ಚಿಕೊಂಡು ಕಾಣ್ತಾವ, ಆಗೇತಿ ಅಂತ ಮುಂದ ಹೋದ್ರ ಕಡೀಕ ಹೊಳಪಿನ್ಯಾಗ ಎಲ್ಲಾ ಎದ್ದು ಕಾಣ್ತಾವ, ಮತ್ತ 240ಕ್ಕ ಬರಬೇಕು. ಒಂದೊಂದು ನಂಬರಿಗೂ ತಿಕ್ಕೋ ದಿಕ್ಕು ಬದಲಸಿದ್ರ ಹಿಂದಿನ ಗೀರು ಹೋಗ್ಯಾವೋ ಇಲ್ಲೋ ಗೊತ್ತಾಗ್ತೈತಿ. ತುಂಡನ್ನ ನೀರಾಗ ನೆನಸಿ ಇಡಬ್ಯಾಡ್ರಿ, ಸೊಟ್ಟಗಾಗ್ತೈತಿ.

ಕಡೀಕ ಬಿಳಿ ಪಾಲಿಷ್ ಸಾಬೂನು ಹಚ್ಚಿದ ಮೆತ್ತನ್ನ ಅರಬಿಯಿಂದ ತಿಕ್ಕಿ, ಜೇನುಮೇಣ ತೆಳುವು ಹಚ್ಚಿ ಒಣಾ ಅರಬಿಯಿಂದ ಒರಸ್ರಿ. ಮಷೀನ್ ಬಫ್ (ಹೊಳಪು ಕೊಡೋ ತಿರುಗೋ ಅರಬಿ ಗಾಲಿ) ಇದ್ದವರು ಒಂದ ಜಾಗಾದಾಗ ಒತ್ತಿ ಹಿಡೀಬ್ಯಾಡ್ರಿ, ಸುಡ್ತೈತಿ. ವಾರ್ನಿಶ್ ಹಚ್ಚೋದು ನನಗ ಒಪ್ಪಂಗಿಲ್ಲ. ಕೋಡಿನ ಹೊಳಪು ಒಳಗಿಂದ ಬರಬೇಕು, ವಾರ್ನಿಶ್ ಹಚ್ಚಿದ್ರ ಪ್ಲಾಸ್ಟಿಕ್ ಕಂಡಂಗ ಕಾಣ್ತೈತಿ, ವರ್ಷದಾಗ ಸಿಪ್ಪಿ ಏಳ್ತೈತಿ.

9. ಬೆಳ್ಳಿ ಜೋಡಸೋದು

ಬೆಸುಗಿ ಕೆಲಸ ಏನಿದ್ರೂ ಮೊದಲ ಮುಗಿಸಿ, ಕೋಡು ಕಡೀಕ ಕೂಡಸ್ರಿ. ಓಲಿ ಕೊಕ್ಕಿಗೆ 0.8 ಮಿ.ಮೀ. ಬೆಳ್ಳಿ ತಂತಿ ಸಾಕು. ಎರಡು ತುಂಡು ಸೇರಿಸಬೇಕಂದ್ರ ಬರೇ ಅಂಟಿನ ಮ್ಯಾಲ ಭರೋಸಾ ಇಡಬ್ಯಾಡ್ರಿ, 1 ಮಿ.ಮೀ. ಬೆಳ್ಳಿ ತಂತಿ ತೂರಿಸಿ ಎರಡೂ ಕಡೆ ತುದಿ ಹಗೂರಕ ಬಡದು ಅಗಲ ಮಾಡ್ರಿ, ಇದನ್ನ ರಿವಿಟ್ ಅಂತಾರ. ಅರಾಲ್ಡೈಟ್ ಹಚ್ಚೋದಿದ್ರ ಆ ಜಾಗಾ ಒರಟು ಮಾಡಿ, ಸ್ಪಿರಿಟ್‌ನಿಂದ ಮೇಣ ತಗದು ಹಚ್ರಿ. ಪತ್ತಾರರ ಕಡೆ ಬೆಳ್ಳಿ ಚೌಕಟ್ಟು ಮಾಡಸೋರು 'ಒಂದೀಟು ಸಡ್ಲ ಬಿಡ್ರಿ' ಅಂತ ಹೇಳ್ರಿ. ಅವರಿಗೆ ಹರಳು ಬಿಗಿ ಕೂಡಿಸಿ ರೂಢಿ, ಆದ್ರ ಕೋಡು ಮಳಿಗಾಲದಾಗ ಉಬ್ಬಿ ಬ್ಯಾಸಿಗ್ಯಾಗ ಕುಗ್ಗತೈತಿ, ಬಿಗಿ ಇದ್ರ ಸೀಳ್ತೈತಿ. ಕೋಡಿನ್ಯಾಗ ಗಂಧಕದ ಅಂಶ ಇರೋದ್ರಿಂದ ಮುಚ್ಚಿದ ಡಬ್ಬಿಯೊಳಗ ಬೆಳ್ಳಿ ಲಗೂ ಕಪ್ಪಾಗಬಹುದು, ಒರಸಿದ್ರ ಹೋಗ್ತೈತಿ.

10. ಕೊಡುವಾಗ ಹೇಳಬೇಕಾದ್ದು

ಮಾರೋದಾಗಲಿ, ಉಡುಗೊರಿ ಕೊಡೋದಾಗಲಿ, ಇದು ಎಮ್ಮಿ ಕೋಡು ಅಂತ ಬಾಯಿಬಿಟ್ಟು ಹೇಳ್ರಿ, ಚೀಟಿ ಮ್ಯಾಲೂ ಬರೀರಿ. ನಮ್ಮ ಕಡೆ ಎಷ್ಟೋ ಮನ್ಯಾಗ ಸತ್ತ ಪ್ರಾಣಿದು ಮೈಮ್ಯಾಲ ಹಾಕ್ಕೊಳ್ಳಂಗಿಲ್ಲ, ಪೂಜಾಕ್ಕ ಕುಂದ್ರೋವಾಗ ಹಾಕ್ಕೊಳ್ಳಂಗಿಲ್ಲ. 'ನ್ಯಾಚುರಲ್ ಮಟೀರಿಯಲ್' ಅಂತಷ್ಟ ಬರದು ಮುಚ್ಚಿಟ್ಟು ಮಾರೋದು ಮೋಸನ, ಅದನ್ನ ಮಾಡಬ್ಯಾಡ್ರಿ.

ಅದ ಚೀಟಿಯೊಳಗ ಇವಿಷ್ಟೂ ಬರೀರಿ: ಜಳಕಾ ಮಾಡುವಾಗ, ಭಾಂಡಿ ತೊಳೆಯುವಾಗ ತಗದು ಇಡಬೇಕು. ಕಾರಿನ ಗ್ಲಾಸಿನ ಹತ್ತಿರ ಬಿಸಿಲಿಗೆ ಇಡಬಾರದು, ಬಿಸಿ ಆದ್ರ ಬಗ್ಗಿಸಿದ ಕಡಗ ಹಳೇ ಆಕಾರಕ್ಕ ಹೊಳ್ಳತೈತಿ. ಸೆಂಟು ಹೊಡ್ಕೊಂಡ ಮ್ಯಾಲ ಹಾಕ್ಕೋಬೇಕು. ಹೊಳಪು ಕಡಿಮಿ ಆದ್ರ ಮೇಣ ಇಲ್ಲಾ ಬೇಬಿ ಆಯಿಲ್ ಒಂದು ಹನಿ ಹಚ್ಚಿ ಒರಸಬೇಕು. ಉಣ್ಣಿ ಸ್ವೆಟರ್ ತಿನ್ನೋ ನುಸಿ ಹುಳ ಕೋಡನ್ನೂ ತಿಂತಾವ, ಅದಕ್ಕ ಗಾಳಿ ಆಡಲಾರದ ಡಬ್ಬಿಯೊಳಗ ಇಟ್ಟು ಎರಡು ಮೂರು ತಿಂಗಳಿಗೊಮ್ಮೆ ತಗದು ನೋಡಬೇಕು. ಸಣ್ಣ ತೂತು, ಹಿಟ್ಟಿನಂಥಾ ಪುಡಿ ಕಂಡ್ರ ಪ್ಲಾಸ್ಟಿಕ್ ಚೀಲದಾಗ ಗಟ್ಟಿ ಕಟ್ಟಿ ಒಂದೆರಡು ವಾರ ಫ್ರೀಜರ್‌ನ್ಯಾಗ ಇಡಬೇಕು, ಹುಳ ಸಾಯ್ತಾವ. ತಗದ ಮ್ಯಾಲ ಚೀಲ ಬಿಚ್ಚದ ಒಂದು ದಿನ ಹೊರಗ ಬಿಡಬೇಕು, ಇಲ್ಲಂದ್ರ ತಣ್ಣನ್ನ ಕೋಡಿನ ಮ್ಯಾಲ ನೀರು ಕೂಡ್ತೈತಿ.